ಪ್ಯಾಸೆಂಜರ್ ರೈಲಿಗೆ ಹೇಳಿಕೊಂಡ ಹರಕೆ

ಕೊರೊನಾ ಕಾಲದಲ್ಲಿ ನಿಂತಿದ್ದ ರೈಲುಗಳು ಒಂದೊಂದಾಗಿ ಮತ್ತೆ ಓಡತೊಡಗಿದಾಗ ಬೆಳಗಿನ ಪ್ಯಾಸೆಂಜರೂ ಬಂತು. ಬಂತು ಎಂದರೆ ಹಾದುಹೋಯಿತು. ಕುಂದಾಪುರಕ್ಕೂ ಬೈಂದೂರಿಗೂ ನಡುವೆ ಇರುವ ನಮ್ಮ ಸಣ್ಣ ಸ್ಟೇಷನ್ನಿನಲ್ಲಿ ಅದು ನಿಲ್ಲಲಿಲ್ಲ. ಹೊಸ ವೇಳಾಪಟ್ಟಿಯಲ್ಲಿ ಅದಕ್ಕೆ ಸ್ಪೆಷಲ್ ಎಂಬ ಹೆಸರು ಬಂದಿತ್ತು, ಟಿಕೆಟ್ಟಿನ ದರ ಏರಿತ್ತು, ನಮ್ಮ ಊರು ಬಿಟ್ಟುಹೋಗಿತ್ತು.

ನನ್ನ ಮನೆ ಹಳಿಯಿಂದ ಎರಡು ಗದ್ದೆ ಆಚೆ. ರೈಲು ನಿಲ್ಲದೆ ಹೋದದ್ದನ್ನು ಊರಲ್ಲಿ ಮೊದಲು ಗಮನಿಸಿದವನು ನಾನೇ ಎಂದು ಬಹಳ ದಿನ ನಂಬಿದ್ದೆ. ಅಂಗಳದಲ್ಲಿ ನಿಂತಿದ್ದೆ, ಬ್ರೇಕಿನ ಕೀರಲು ಸದ್ದು ಬರಲಿಲ್ಲ, ತಲೆ ಎತ್ತಿ ನೋಡಿದೆ ಎಂದು ಒಂದಿಬ್ಬರಿಗೆ ಹೇಳಿಯೂ ಇದ್ದೇನೆ. ಒಣಮೀನಿನ ಅಕ್ಕ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ನಾನು ಆಗ ಮಲಗಿದ್ದೆ. ಪ್ಲಾಟ್‌ಫಾರ್ಮಿನಿಂದ ಬುಟ್ಟಿ ಹೊತ್ತುಕೊಂಡೇ ನಮ್ಮ ಮನೆಗೆ ಬಂದು, ಬಾಗಿಲು ತಟ್ಟಿ ಎಬ್ಬಿಸಿ ಸುದ್ದಿ ಹೇಳಿದ್ದು ಅವರು. ಎರಡರಲ್ಲಿ ಒಂದು ಮಾತ್ರ ನಿಜವಿರಬೇಕು. ಬುಟ್ಟಿಯ ವಾಸನೆ ಜಗಲಿಯಲ್ಲಿ ಉಳಿದಿದ್ದು ನನಗೆ ನೆನಪಿದೆ. ಹಾಗಾಗಿ ಅವರದ್ದೇ ಇರಬಹುದು.

ಅಕ್ಕ ಎಂದರೆ ನನ್ನ ಅಕ್ಕನಲ್ಲ. ಕಡಲ ಬದಿಯ ಮನೆಯವರು, ನನಗಿಂತ ಹತ್ತಾರು ವರ್ಷ ದೊಡ್ಡವರು. ಬಂಗುಡೆ, ಸಿಗಡಿ, ಅಂಜಲ್ ಮೀನುಗಳನ್ನು ಉಪ್ಪು ಹಾಕಿ ಒಣಗಿಸಿ, ಪ್ಯಾಸೆಂಜರಿನಲ್ಲಿ ಬಾರ್ಕೂರಿಗೆ ಒಯ್ದು, ಅಲ್ಲಿನ ಬೇಸಾಯಗಾರರ ಮನೆಮನೆಗೆ ಮಾರುವುದು ಅವರ ಕೆಲಸ. ಆ ಮನೆಗಳು ಅವರಿಗೆ ತಾಯಿಯಿಂದ ಬಂದವು. ಬೇರೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಒಣಮೀನಿನವರಲ್ಲಿ ಮಗಳಿಗೆ ತಾಯಿ ಬಿಟ್ಟುಹೋಗುವುದು ಬುಟ್ಟಿಯನ್ನಲ್ಲ, ಮನೆಗಳನ್ನು. ಇಂಥ ದಾರಿಯ ಇಂಥ ಮನೆಗಳು ಇವಳಿಗೆ ಎಂದಾದರೆ ಬೇರೆ ಯಾರೂ ಆ ಅಂಗಳಕ್ಕೆ ಬುಟ್ಟಿ ಇಳಿಸುವುದಿಲ್ಲ. ಆ ಕಡೆಯಿಂದಲೂ ಒಂದು ಮರ್ಯಾದೆಯಿದೆ. ಮಳೆಗಾಲದ ಮೊದಲು ಒಣಮೀನು ತುಂಬಿಸಿಡುವ ಭರಣಿಯನ್ನು ಮನೆಯವರು ತೊಳೆದು, ಬಿಸಿಲಿಗೆ ಒಣಗಿಸಿ, ತಮ್ಮ ಹೆಂಗಸು ಬರುವವರೆಗೆ ಖಾಲಿ ಇಡುತ್ತಾರೆ. ಬೇರೆಯವರಿಂದ ಕೊಂಡು ತುಂಬಿಸಿದರೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಭರಣಿಗೆ ಬಟ್ಟೆ ಕಟ್ಟಿರುತ್ತದೆ, ಅಷ್ಟೆ. ಅದನ್ನು ನೋಡಿದ ಕೂಡಲೇ ಇವರು ನೀರು ಕುಡಿದು ಎದ್ದು ಬರಬೇಕು.

ಬಸ್ಸಿನಲ್ಲಿ ಒಣಮೀನಿನ ಬುಟ್ಟಿ ಹತ್ತಿಸುವುದಿಲ್ಲ. ಕಂಡಕ್ಟರುಗಳು ಕೆಟ್ಟವರೆಂದಲ್ಲ, ಉಳಿದ ಪ್ರಯಾಣಿಕರು ಇಳಿದುಹೋಗುತ್ತಾರೆ. ರಿಕ್ಷಾದಲ್ಲಿ ಬಾರ್ಕೂರಿನವರೆಗೆ ಹೋದರೆ ಮಾರಿದ್ದೆಲ್ಲ ರಿಕ್ಷಾಕ್ಕೇ ಸರಿ. ರೈಲಿನ ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಕೂತರೆ ಯಾರೂ ಎದ್ದುಹೋಗುವುದಿಲ್ಲ, ಅಥವಾ ಎದ್ದುಹೋದರೂ ಬೇರೆ ಬೋಗಿಗೆ ಹೋಗುತ್ತಾರೆ. ರೈಲು ನಿಲ್ಲದಿದ್ದರೆ ಅಕ್ಕನಿಗೆ ಬಾರ್ಕೂರು ಇಲ್ಲ.

"ಹ್ವಾಯ್ ಮಾಷ್ಟ್ರೆ, ನೀವ್ ಬರೀತ್ರಿ ಅಂಬ್ರಲೆ. ಎಂತ ಬರೀತ್ರಿಯೋ ನಂಗ್ ಗೊತ್ತಿಲ್ಲೆ. ರೈಲ್ ನಿಲ್ಸುಕ್ ಒಂದ್ ಕಾಗ್ದ ಬರೀರಿ ಕಾಂಬ."

ನಾನು ಮಾಷ್ಟ್ರಲ್ಲ, ಯಾವ ಶಾಲೆಯಲ್ಲೂ ಕಲಿಸಿದವನಲ್ಲ. ಬರೆಯುವವರೆಲ್ಲ ನಮ್ಮಲ್ಲಿ ಮಾಷ್ಟ್ರೇ.

ಕಾಗದ ಯಾರಿಗೆ ಬರೆಯಬೇಕು ಎಂಬಲ್ಲಿಂದಲೇ ತೊಡಕು ಶುರುವಾಯಿತು. ನಮ್ಮ ಊರಿನ ಮತ ಲೋಕಸಭೆಗೆ ಹೋಗುವುದು ಘಟ್ಟದ ಮೇಲಿನ ಜಿಲ್ಲೆಯೊಟ್ಟಿಗೆ. ಹೊಳೆ ದಾಟಿ ಕುಂದಾಪುರಕ್ಕೆ ಹೋದರೆ ಕ್ಷೇತ್ರ ಬೇರೆ, ಬಾರ್ಕೂರು, ಬ್ರಹ್ಮಾವರಗಳೂ ಆ ಬೇರೆಯದಕ್ಕೇ ಸೇರಿದವು. ಅಕ್ಕ ಹತ್ತುವ ಸ್ಟೇಷನ್ ಒಬ್ಬ ಸಂಸದರದ್ದು, ಇಳಿಯುವ ಸ್ಟೇಷನ್ ಇನ್ನೊಬ್ಬರದ್ದು. ನಮ್ಮ ಸಂಸದರ ಕ್ಷೇತ್ರದ ಬಹುಪಾಲು ಜನ ಹತ್ತುವುದು ಬೇರೆಯೇ ರೈಲು; ಆ ಹಳಿಗೂ ನಮ್ಮ ಹಳಿಗೂ ನಡುವೆ ಘಟ್ಟವಿದೆ. ಇಬ್ಬರಿಗೂ ಬರೆಯುವುದು ಎಂದು ತೀರ್ಮಾನಿಸಿದೆ. ಒಂದು ಪ್ರತಿ ಶಾಸಕರಿಗೆ.

ಮೊದಲ ಕರಡನ್ನು ಈಗ ಓದಿದರೆ ನನಗೇ ಅರ್ಥವಾಗುವುದಿಲ್ಲ. ಅರ್ಜಿ ಎಂಬ ಪ್ರಕಾರವನ್ನು ಒಡೆದು ಕಟ್ಟಬೇಕೆಂಬ ಹುಕಿ. ನಿಲ್ಲದ ರೈಲೇ ಮಾತಾಡುವಂತೆ ಬರೆದಿದ್ದೆ, ಪೂರ್ಣವಿರಾಮಗಳನ್ನು ತೆಗೆದಿದ್ದೆ, ರೈಲು ನಿಲ್ಲುವುದಿಲ್ಲವಲ್ಲ ಎಂಬ ಕಾರಣಕ್ಕೆ. ಅದನ್ನು ಓದಿದ್ದು ಹೋಟೆಲಿನವರು. ಅವರು ಮುಂಬೈಯಲ್ಲಿ ಮೂವತ್ತು ನಲವತ್ತು ವರ್ಷ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದು ನೆಲೆಸಿದವರು. ಊರಿನ ಕೆಲಸ ಎಂದರೆ ಮುಂದೆ ನಿಲ್ಲುತ್ತಾರೆ. ನಮ್ಮ ಜಗಲಿಯಲ್ಲಿ ಕೂತು, ಕನ್ನಡಕ ಹಣೆಗೆ ಏರಿಸಿ, ಎರಡು ಸಲ ಓದಿದರು.

"ಮಾಷ್ಟ್ರೆ, ಇದ್ ಅರ್ಜಿಯಾ, ಆಟದ ಪ್ರಸಂಗವಾ?"

ಆಟ ಎಂದರೆ ನಮ್ಮಲ್ಲಿ ಯಕ್ಷಗಾನ. ಮತ್ತೆ ಬರೆದೆ. ಈ ಸಲ ಮಾನ್ಯರೇ ಎಂದು ಶುರುಮಾಡಿ ನೆಟ್ಟಗೆ. ಅದನ್ನು ಬರೆಯಲು ನಾನು ಸ್ವಲ್ಪ ಓದಬೇಕಾಯಿತು, ಬೈಂದೂರಿಗೂ ಕುಂದಾಪುರಕ್ಕೂ ಹೋಗಿ ತಿಳಿದವರನ್ನು ಕೇಳಬೇಕಾಯಿತು. ಅವರಿಂದ ತಿಳಿದದ್ದು ಇಷ್ಟು. ನಮ್ಮ ಕರಾವಳಿಯ ಹಳಿಯನ್ನು ನಡೆಸುವ ಸಂಸ್ಥೆ ತನ್ನ ಖರ್ಚನ್ನು ಬಹುಮಟ್ಟಿಗೆ ತಾನೇ ದುಡಿಯಬೇಕು. ಸರಕು ದುಡಿಯುತ್ತದೆ, ದೂರದ ರೈಲು ಒಂದಿಷ್ಟು ದುಡಿಯುತ್ತದೆ, ಊರೂರಿಗೆ ನಿಲ್ಲುವ ಪ್ಯಾಸೆಂಜರು ತಿನ್ನುತ್ತದೆ. ಇರುವುದು ಒಂದೇ ಹಳಿ. ಒಂದು ರೈಲು ಸಣ್ಣ ಸ್ಟೇಷನ್ನಿನಲ್ಲಿ ನಿಂತರೆ ಹಿಂದಿನದ್ದೂ ಎದುರಿನದ್ದೂ ತಡವಾಗುತ್ತದೆ. ಹಾಗಾಗಿ ನಿಲ್ಲಿಸು ಎಂದು ಕೇಳುವುದೆಂದರೆ ಹಣ ಕೊಡು ಎಂದು ಕೇಳಿದ ಹಾಗೆ. ನಾನು ಹಾಗೆಯೇ ಕೇಳಿದೆ. ಪ್ಯಾಸೆಂಜರಿನ ನಷ್ಟವನ್ನು ಸಾರ್ವಜನಿಕ ಹಣದಿಂದ ಭರಿಸಬೇಕು, ಅದಕ್ಕೆ ನೀವು ಸದನದಲ್ಲಿ ಮಾತಾಡಬೇಕು. ರಸ್ತೆ ಹಾಕುವಾಗ ಈ ರಸ್ತೆ ಎಷ್ಟು ಲಾಭ ತಂದಿತು ಎಂದು ಯಾರೂ ಕೇಳುವುದಿಲ್ಲ, ರೈಲನ್ನು ಮಾತ್ರ ಕೇಳುತ್ತಾರೆ ಎಂದು ಒಂದು ವಾಕ್ಯ. ಅದು ನನ್ನದೇ ವಾಕ್ಯ ಎಂದುಕೊಂಡಿದ್ದೇನೆ. ಬೇರೆಲ್ಲೋ ಕೇಳಿದ್ದೂ ಇರಬಹುದು.

ಅಕ್ಕನಿಗೆ ಓದಿ ಹೇಳುತ್ತಿದ್ದಾಗ ಗದ್ದೆಯಾಚೆಯ ಹಳಿಯಲ್ಲಿ ಲಾರಿ ರೈಲು ಹೋಯಿತು. ನಮ್ಮಲ್ಲಿ ಅದಕ್ಕೆ ಹಾಗೇ ಹೇಳುವುದು. ಉದ್ದಕ್ಕೆ ತೆರೆದ ಬೋಗಿಗಳು, ಒಂದೊಂದರ ಮೇಲೂ ಸರಕು ತುಂಬಿದ ಒಂದೊಂದು ಲಾರಿ, ಲಾರಿಯೊಳಗೆ ಸ್ಟಿಯರಿಂಗ್ ಮುಟ್ಟದೆ ಕೂತ ಡ್ರೈವರು. ಅಕ್ಕ ಅದು ಮುಗಿಯುವವರೆಗೆ ನೋಡಿದರು.

"ಲಾರಿಗ್ ಚಕ್ರ ಇತ್ತ್, ಅದ್ ರೈಲಂಗ್ ಕೂಕಂಡ್ ಹೋತ್. ನಂಗ್ ಚಕ್ರ ಇಲ್ಲೆ, ನಾನ್ ರಸ್ತೆಯಂಗ್ ನಡೀಕಾ?"

ಇದನ್ನು ಅರ್ಜಿಯಲ್ಲಿ ಸೇರಿಸಬೇಕೆಂದು ನಾನು, ಬೇಡವೆಂದು ಹೋಟೆಲಿನವರು. ಬೇಡ ಎಂಬುದೇ ಗೆದ್ದಿತು. ಅದರ ಬದಲಿಗೆ ಅವರು ಬೇರೆ ಬೇರೆ ಸೇರಿಸಿದರು. ಮುಂಬೈ ರೈಲು ನಿಲ್ಲಬೇಕು, ಬೆಂಗಳೂರಿನದ್ದು ನಿಲ್ಲಬೇಕು, ತಿರುಪತಿಗೆ ಒಂದು ನೇರ ರೈಲು ಬೇಕು, ಪ್ಲಾಟ್‌ಫಾರ್ಮಿಗೆ ಚಾವಣಿ ಬೇಕು. ಇಷ್ಟೆಲ್ಲ ಯಾಕೆ ಎಂದರೆ ಅವರ ಉತ್ತರ ತಯಾರಿತ್ತು. ಸಣ್ಣದು ಕೇಳಿದರೆ ನಮ್ಮನ್ನು ಸಣ್ಣ ಜನ ಎಂದು ಎಣಿಸುತ್ತಾರೆ, ಮುಂಬೈಯಲ್ಲಿ ತಾನು ಕಲಿತದ್ದು ಅದೊಂದೇ. ಪ್ಯಾಸೆಂಜರಿನ ವಿಷಯ ಕೆಳಗೆ ಕೆಳಗೆ ಹೋಗಿ ಕೊನೆಯ ಬೇಡಿಕೆಯಾಯಿತು. ಸಹಿ ಮಾಡಿಸುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಹಾಲಾಡಿಯಲ್ಲಿ ಅವರ ಕಡೆಯ ಒಂದು ಮದುವೆಯಿತ್ತು. ಊಟ ಮುಗಿಸಿ ಕೈ ತೊಳೆದು ಬಂದವರೆಲ್ಲ ಸಹಿ ಹಾಕಿದರು. ನಮ್ಮ ಸ್ಟೇಷನ್ ಯಾವ ದಿಕ್ಕಿಗಿದೆ ಎಂದು ತಿಳಿಯದವರೂ ಹಾಕಿದರು. ಕಾಗದದ ಮೇಲೆ ಅಲ್ಲಲ್ಲಿ ಒದ್ದೆ ಬೆರಳಿನ ಗುರುತಿತ್ತು.

ಅಂಚೆಗೆ ಹಾಕುವ ಮೊದಲು ಇನ್ನೊಮ್ಮೆ ಓದಿ ಹೇಳಿ ಎಂದರು ಅಕ್ಕ. ಓದಿದೆ. ಅಂದು ಜೋರು ಮಳೆ ಎಂದು ನನ್ನ ನೆನಪು. ಆದರೆ ಮಳೆಯಿದ್ದರೆ ಅವರ ಅಂಗಳದಲ್ಲಿ ಮೀನು ಒಣಗಲು ಹಾಕಿದ್ದು ಹೇಗೆ? ಮೀನು ಇತ್ತು, ಕಾಗೆ ಓಡಿಸಲು ಅವರು ನಡುನಡುವೆ ಎದ್ದುಹೋಗುತ್ತಿದ್ದರು. ಮಳೆಯನ್ನು ನಾನು ಆಮೇಲೆ ಸೇರಿಸಿರಬೇಕು.

"ಕೊಡಿ ಕೊಡಿ ಅಂದೇಳಿ ಇಷ್ಟುದ್ದ ಬರ್ದ್ರಿ. ನಾವ್ ಕೊಡುದ್ ಎಂತ ಅಂದೇಳಿ ಎಲ್ಲಿತ್ತ್?"

ಕೊಡುವುದು ಏನೂ ಇಲ್ಲ ಎಂದೆ. ಇದು ನಮ್ಮ ಹಕ್ಕು, ನಾವು ಕೊಡಬೇಕಾದ್ದನ್ನು ತೆರಿಗೆಯಲ್ಲಿ ಕೊಟ್ಟಾಗಿದೆ, ಬೆಂಕಿಪೊಟ್ಟಣ ಕೊಂಡಾಗಲೂ ಕೊಟ್ಟಿರುತ್ತೇವೆ ಎಂದು ವಿವರಿಸಿದೆ. ಅವರಿಗೆ ಅದು ಹಿಡಿಸಲಿಲ್ಲ.

"ಅದ್ ಅವ್ರ್ ತಕಂಡದ್. ನಾವ್ ಕೊಟ್ಟದ್ದಲ್ಲ."

ದೇವರ ಹತ್ತಿರವಾದರೂ ಬರಿಗೈಯಲ್ಲಿ ಕೇಳುವ ಕ್ರಮವಿಲ್ಲ ಎಂಬುದು ಅವರ ವಾದ. ಇದಾದರೆ ಇದನ್ನು ಒಪ್ಪಿಸುತ್ತೇನೆ ಎಂದು ಹೇಳಿಕೊಂಡರೆ ಮಾತ್ರ ಕೇಳಿದ್ದಕ್ಕೆ ತೂಕ. ಇಲ್ಲದಿದ್ದರೆ ಅದು ಭಿಕ್ಷೆ, ಇಲ್ಲವೇ ಬೊಬ್ಬೆ. ಸಂಸದರು ದೇವರಲ್ಲ ಎಂದು ನಾನು ಹೇಳಿದ್ದಕ್ಕೆ, ಅದು ತನಗೂ ಗೊತ್ತು, ಹಾಗಾಗಿ ಹಣ್ಣುಕಾಯಿ ಬೇಡ, ಮೀನು ಸಾಕು ಎಂದರು. ರೈಲು ನಿಂತರೆ ಆ ವರ್ಷದ ಅತ್ಯುತ್ತಮ ಒಣ ಅಂಜಲ್ ಒಂದನ್ನು ನಿಲ್ಲಿಸಿದವರಿಗೆ ಒಪ್ಪಿಸುವುದು. ಅದನ್ನು ಅರ್ಜಿಯಲ್ಲಿ ಬರೆಯಲು ನಾನು ಒಪ್ಪಲಿಲ್ಲ. ಸರಿ, ನೀವು ಬರೆಯಬೇಡಿ ಎಂದು ಎದ್ದು, ಹಳಿಯ ಕಡೆ ತಿರುಗಿ, ತಾವೇ ಹೇಳಿಕೊಂಡರು. ಒಳಗೆ ಹೋಗಿ ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ಮುಡಿಪು ಇಟ್ಟರೆಂದು ಆಮೇಲೆ ತಿಳಿಯಿತು.

ಉತ್ತರಗಳು ಬಂದವು. ಇಬ್ಬರು ಸಂಸದರ ಕಚೇರಿಗಳಿಂದಲೂ, ಸೌಜನ್ಯದ ಉತ್ತರಗಳೇ. ತಮ್ಮ ಮನವಿ ತಲುಪಿದೆ, ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ಹೋಟೆಲಿನವರು ಎರಡನ್ನೂ ಲ್ಯಾಮಿನೇಷನ್ ಮಾಡಿಸಿದರು.

ರೈಲು ನಿಲ್ಲಲಿಲ್ಲ. ಆ ವರ್ಷ ಮಳೆಗಾಲಕ್ಕೆ ಮುಂಚೆ ಅಕ್ಕ ಕುಂದಾಪುರದ ಸ್ಟೇಷನ್‌ವರೆಗೆ ರಿಕ್ಷಾದಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿದರು. ನಾಲ್ಕು ಸಲ ಹೋಗುವಲ್ಲಿ ಒಂದು ಸಲ. ಬಾರ್ಕೂರಿನ ಕಡೆ ಆಗಲೇ ಮೀನಿನ ಟೆಂಪೊ ಒಂದು ತಿರುಗತೊಡಗಿತ್ತು. ಅದಕ್ಕೆ ಮೈಕು ಇತ್ತು, ಹಸಿಮೀನಿನೊಟ್ಟಿಗೆ ಒಣಮೀನೂ ಇತ್ತು. ಆ ಟೆಂಪೊದವನಿಗೆ ಯಾರ ಮನೆ ಯಾರದ್ದು ಎಂಬ ಲೆಕ್ಕವಿಲ್ಲ. ಕೆಲವು ಮನೆಗಳ ಭರಣಿಗೆ ಬಟ್ಟೆ ಕಟ್ಟಿತ್ತು ಎಂದು ಹೇಳುವಾಗ ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೆಷ್ಟು ದಿನ ಖಾಲಿ ಇಟ್ಟಾರು ಎಂದು ಮನೆಯವರ ಪರವಾಗಿಯೇ ಮಾತಾಡಿದರು. ತಾಯಿ ಕೊಟ್ಟದ್ದನ್ನು ಮಗಳಿಗೆ ದಾಟಿಸಬೇಕಿತ್ತು. ದಾಟಿಸುವಾಗ ಏನು ಉಳಿದಿರುತ್ತದೆ ಎಂಬುದೊಂದೇ ಅವರ ಚಿಂತೆ. ಮಗಳು ಬೈಂದೂರಿನ ಕಡೆ ಮದುವೆಯಾಗಿ ಹೋದವಳು, ಈಗಾಗಲೇ ಎರಡು ಸಲ ಅವರೊಟ್ಟಿಗೆ ಬಾರ್ಕೂರು ತಿರುಗಿ ದಾರಿ ನೋಡಿಕೊಂಡಿದ್ದಳು.

ಆಮೇಲೆ ರೈಲು ನಿಂತಿತು.

ಇದನ್ನು ನಾನು ಬೇರೆ ಬೇರೆ ರೀತಿಯಲ್ಲಿ ಹೇಳಿದ್ದೇನೆ. ಅರ್ಜಿ, ಕಾಯುವಿಕೆ, ರೈಲು ನಿಂತಿತು ಎಂದು ಹೇಳಿದರೆ ಕೇಳುವವರು ಸಂತೋಷಪಡುತ್ತಾರೆ. ಆದದ್ದು ಹಾಗಲ್ಲ. ನಮ್ಮ ಹಳಿಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ. ಗುಡ್ಡ ಕುಸಿಯುವ ಭಯಕ್ಕೆ ರೈಲುಗಳನ್ನು ನಿಧಾನ ಓಡಿಸುತ್ತಾರೆ. ನಿಧಾನವಾದಾಗ ಎದುರುಬದುರು ರೈಲುಗಳು ದಾಟಿಕೊಳ್ಳುವ ಜಾಗ ಬದಲಾಗುತ್ತದೆ. ಒಂದೇ ಹಳಿಯಲ್ಲವೇ, ಒಂದು ಪಕ್ಕದ ಹಳಿಗೆ ಸರಿದು ನಿಲ್ಲಬೇಕು, ಇನ್ನೊಂದು ಹೋಗಬೇಕು. ಆ ಮಳೆಗಾಲದಲ್ಲಿ ಬೆಳಗಿನ ಪ್ಯಾಸೆಂಜರು ಲಾರಿ ರೈಲಿಗೆ ದಾರಿ ಬಿಡಲು ಸರಿದು ನಿಂತದ್ದು ನಮ್ಮ ಸ್ಟೇಷನ್ನಿನಲ್ಲಿ. ಅದು ನಿಲುಗಡೆಯಲ್ಲ, ಕ್ರಾಸಿಂಗು. ನಮ್ಮಲ್ಲಿ ಆ ರೈಲಿಗೆ ಟಿಕೆಟ್ಟು ಇಲ್ಲ, ಘೋಷಣೆ ಇಲ್ಲ. ಬಾಗಿಲು ಮಾತ್ರ ತೆರೆದಿರುತ್ತದೆ.

ಅಕ್ಕನಿಗೆ ಬಾಗಿಲು ಸಾಕಿತ್ತು. ಬೈಂದೂರಿನಿಂದ ಬಾರ್ಕೂರಿಗೆ ಎಂದು ಮಗಳು ಅಲ್ಲಿ ಇಬ್ಬರಿಗೂ ಟಿಕೆಟ್ಟು ತೆಗೆದು ಅದೇ ರೈಲಿನಲ್ಲಿ ಬರುತ್ತಿದ್ದಳು, ಇವರು ಇಲ್ಲಿ ಬುಟ್ಟಿಯೊಟ್ಟಿಗೆ ಹತ್ತುತ್ತಿದ್ದರು. ಮಳೆಗಾಲದ ಮೊದಲ ಎರಡು ತಿಂಗಳು ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಸಿಮೀನಿನ ಟೆಂಪೊ ಬರುವುದಿಲ್ಲ, ಒಣಮೀನಿಗೆ ಕೇಳುವವರಿರುತ್ತಾರೆ. ತಾಯಿ ಮಗಳು ಆ ಎರಡು ತಿಂಗಳಲ್ಲಿ ಬಟ್ಟೆ ಕಟ್ಟಿದ ಕೆಲವು ಭರಣಿಗಳನ್ನೂ ಮತ್ತೆ ಬಿಚ್ಚಿಸಿದರು.

ಒಂದು ದಿನ ಅಕ್ಕ ಬಾಳೆಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿದ ಉದ್ದನೆಯ ಪೊಟ್ಟಣ ತಂದು ನಮ್ಮ ಜಗಲಿಯಲ್ಲಿ ಇಟ್ಟರು. ಹೋಟೆಲಿನವರೂ ಇದ್ದರು. ಘಟ್ಟದ ಮೇಲೆ ಹೋಗುವವರು ಯಾರಾದರೂ ಇದ್ದರೆ ಇದನ್ನು ಸಂಸದರ ಆಫೀಸಿಗೆ ಮುಟ್ಟಿಸಬೇಕು, ಜೊತೆಗೆ ನಿಲ್ಲಿಸಿದ್ದಕ್ಕೆ ಉಪಕಾರವಾಯಿತು ಎಂದು ನಾನು ಒಂದು ಕಾಗದ ಬರೆಯಬೇಕು. ಹೇಳಿಕೊಂಡ ಹರಕೆ ಬಾಕಿ ಇಟ್ಟರೆ ತಮಗೂ ಒಳ್ಳೆಯದಲ್ಲ, ರೈಲಿಗೂ ಒಳ್ಳೆಯದಲ್ಲ.

ಹೋಟೆಲಿನವರು ಕುರ್ಚಿಯಿಂದ ಅರ್ಧ ಎದ್ದರು. ಅಕ್ಕನಿಗೆ ನೇರ ಹೇಳುವ ಧೈರ್ಯವಿಲ್ಲದೆ ನನ್ನ ಕಡೆ ತಿರುಗಿ ಹೇಳಿದರು.

"ಮಾಷ್ಟ್ರೆ, ಇವ್ರ್ ಮೀನ್ ಕೊಟ್ ಕೈ ಮುಗ್ದ್ರೆ ನಮ್ ಅರ್ಜಿ ಮುಗ್ದಂಗೇ. ಬೇಡಿಕೆ ಈಡೇರಿತ್ ಅಂದೇಳಿ ಬರ್ದ್ ಹಾಕ್ತ್ರ್. ಮಳಿ ಹೋದ್ ಮೇಲೆ ಕ್ರಾಸಿಂಗೂ ಇಲ್ಲ, ಅರ್ಜಿಯೂ ಇಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಅಕ್ಕನಿಗೆ ಕ್ರಾಸಿಂಗ್ ವಿಷಯ ಬಿಡಿಸಿ ಹೇಳಿದೆ. ಯಾರೂ ನಿಲ್ಲಿಸಿದ್ದಲ್ಲ, ಯಾರೂ ಕೊಟ್ಟದ್ದಲ್ಲ, ಎದುರಿನ ರೈಲಿಗಾಗಿ ಇದು ಕಾಯುತ್ತದೆ ಅಷ್ಟೆ. ಅವರು ಕೇಳಿಸಿಕೊಂಡು, ಒಲೆಗೆ ಕಟ್ಟಿಗೆ ತುರುಕುವವರ ಹಾಗೆ ತಣ್ಣಗೆ ಉತ್ತರ ಕೊಟ್ಟರು.

"ಮಳಿ ಸುರ್ಸುದ್ ಮೋಡ. ಹಾಂಗಂದೇಳಿ ಮಳಿಗ್ ಹೇಳ್ಕಂಡ್ ಹಣ್ಕಾಯ್ ಮೋಡಕ್ಕ್ ಮಾಡ್ಸ್ತ್ರ್ಯಾ?"

ಹೋಟೆಲಿನವರು ನಕ್ಕುಬಿಟ್ಟರು ಎಂದು ಹಿಂದೊಮ್ಮೆ ಬರೆದಿದ್ದೆ, ಹೊಡೆದು ಹಾಕಿದ್ದೇನೆ. ಅವರು ನಗಲಿಲ್ಲ.

ಅಕ್ಕನಿಗೆ ಹರಕೆ ಮುಖ್ಯ. ಆದರೆ ಬಾರ್ಕೂರು ಅದಕ್ಕಿಂತ ಮುಖ್ಯ. ಒಪ್ಪಿಸಿದರೆ ಅರ್ಜಿ ಸಾಯುತ್ತದೆ, ಒಪ್ಪಿಸದಿದ್ದರೆ ಮಾತು ಸಾಯುತ್ತದೆ. ಪೊಟ್ಟಣವನ್ನು ಎತ್ತಿಕೊಂಡು ಅಂಗಳ ದಾಟುವವರು ತಿರುಗಿ ನಿಂತು, ಸಂಸದರು ಅಲ್ಲದಿದ್ದರೆ ಮತ್ತೆ ನಿಲ್ಲಿಸುವುದು ಯಾರು ಎಂದು ಕೇಳಿದರು. ಎದುರು ಬರುವ ಲಾರಿ ರೈಲು ಎಂದೆ. ನಿಲ್ಲಿಸಿದವರಿಗೆ ಎಂದೇ ತಾವು ಹೇಳಿಕೊಂಡದ್ದು, ಹೆಸರು ಹಿಡಿದು ಹೇಳಿಕೊಂಡಿಲ್ಲ ಎಂದು ಅವರಿಗೆ ಆಗ ನೆನಪಾದಂತೆ ಕಂಡಿತು.

ಮರುದಿನ ನಡೆದದ್ದಕ್ಕೆ ನನ್ನ ಬಳಿ ಸಾಕ್ಷಿಯಿಲ್ಲ. ಅಕ್ಕ ಹೇಳುವಂತೆ ಅಂದು ಲಾರಿ ರೈಲೂ ಸಿಗ್ನಲಿಗೆ ಒಂದು ಗಳಿಗೆ ನಿಂತಿತು, ಎದುರಿಗೆ ಬಂದ ಲಾರಿಯ ಡ್ರೈವರಿಗೆ ಪೊಟ್ಟಣ ಎತ್ತಿ ಕೊಟ್ಟರು, ಉತ್ತರದ ಕಡೆಯವನು, ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಹೋಟೆಲಿನವರು ಹೇಳುವಂತೆ ಕೊಟ್ಟದ್ದು ಕೆಂಪು ಬಾವುಟ ಹಿಡಿದು ನಿಲ್ಲುವ ಸ್ಟೇಷನ್ನಿನ ನೌಕರನಿಗೆ. ಆ ವಾರವೆಲ್ಲ ಕ್ವಾರ್ಟರ್ಸಿನಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತಂತೆ. ಡ್ರೈವರ್ ಕೈ ಚಾಚಿದ್ದು, ಬಾಳೆಲೆಯ ತುದಿ ಗಾಳಿಗೆ ಬಿಚ್ಚಿಕೊಂಡದ್ದು ನನಗೆ ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿದೆ. ನಾನು ಅಂದು ಬ್ರಹ್ಮಾವರದಲ್ಲಿದ್ದೆ.

ಮಳೆಗಾಲದ ವೇಳಾಪಟ್ಟಿ ಮುಗಿಯಿತು. ಕ್ರಾಸಿಂಗ್ ಬೇರೆ ಸ್ಟೇಷನ್ನಿಗೆ ಹೋಯಿತು. ಪ್ಯಾಸೆಂಜರು ಮೊದಲಿನ ಹಾಗೆ ಹಾದುಹೋಗತೊಡಗಿತು. ಮೊದಲ ಬೆಳಿಗ್ಗೆ ಅಕ್ಕ ಬುಟ್ಟಿ ಹಿಡಿದು ನಿಂತಿದ್ದರು, ಮಗಳು ಬಾಗಿಲಲ್ಲಿ ನಿಂತು ಕೈ ಬೀಸುತ್ತ ಅವರ ಎದುರೇ ದಾಟಿಹೋದಳು. ಅವಳು ಅಂದು ಬರಿಗೈಯಲ್ಲಿ ಬಾರ್ಕೂರಿನಲ್ಲಿ ಇಳಿದು, ಒಂದೆರಡು ಮನೆಗೆ ಹೋಗಿ ನಾಳೆ ಬರುತ್ತೇವೆ ಎಂದು ಹೇಳಿ, ಸಂಜೆ ವಾಪಸಾದಳು.

ನಾನು ಎರಡನೆಯ ಕಾಗದ ಬರೆಯಲು ಕೂತೆ. ಈ ನಡುವೆ ರೈಲಿನ ವಿಷಯ ತಿಳಿದವರೊಬ್ಬರು ಕುಂದಾಪುರದಲ್ಲಿ ಸಿಕ್ಕಿ ಒಂದು ಮಾತು ಹೇಳಿದ್ದರು. ನಿಲುಗಡೆ ಕೇಳಿದಾಗ ಮೇಲಿನವರು ಮೊದಲು ನೋಡುವುದು ಅಲ್ಲಿ ಎಷ್ಟು ಜನ ಹತ್ತುತ್ತಾರೆ ಎಂಬುದನ್ನು. ಸಹಿ ಎಷ್ಟು ಎಂದಲ್ಲ. ಇದನ್ನು ಅಕ್ಕನಿಗೆ ಹೇಳಿದೆ. ಅವರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ.

"ನಾನ್ ಎಂತ ಹೇಳ್ದೆ? ನಾವ್ ಕೊಡುದ್ ಎಂತ ಅಂದೇಳಿ ಬರೀಕ್ ಅಂದ್ನಲೆ. ನಾವ್ ರೈಲ್ ಹತ್ತ್‌ತ್ ಅಂದೇಳಿ ಬರೀರಿ. ಸೈ ಹಾಕ್ದವ್ರೆಲ್ಲ ಹರ್ಕಿ ಹೇಳ್ಕಣ್ಲಿ."

ಹೀಗೆ ಹೊಸ ಅರ್ಜಿಯಲ್ಲಿ ಬೇಡಿಕೆ ಒಂದೇ ಉಳಿಯಿತು. ಬೆಳಗಿನ ಪ್ಯಾಸೆಂಜರು ನಮ್ಮಲ್ಲಿ ನಿಲ್ಲಲಿ, ಅದರ ನಷ್ಟವನ್ನು ಸರ್ಕಾರದ ಹಣದಿಂದ ತುಂಬಿಸಿಕೊಡಿ. ಅದರ ಕೆಳಗೆ ಒಂದು ವಾಕ್ಯ: ನಿಂತರೆ, ಕೆಳಗೆ ಸಹಿ ಮಾಡಿದ ನಾವು ವಾರಕ್ಕೆ ಒಮ್ಮೆಯಾದರೂ ಟಿಕೆಟ್ಟು ಕೊಂಡು ಈ ರೈಲಿನಲ್ಲಿ ಪ್ರಯಾಣ ಮಾಡುತ್ತೇವೆ. ಅಕ್ಕ ಅದನ್ನು ಹಿಡಿದುಕೊಂಡು ತಾವೇ ಮನೆಮನೆಗೆ ಹೋದರು. ಬುಟ್ಟಿ ಹೊತ್ತು ಮನೆ ತಿರುಗಿ ಗೊತ್ತಿದ್ದವರಿಗೆ ಅದೇನೂ ಹೊಸ ಕೆಲಸವಲ್ಲ.

ಹಿಂದೆ ಕೇಳದೆಯೇ ಸಹಿ ಹಾಕಿದವರು ಈ ಸಲ ಕಾಗದವನ್ನು ಎರಡೆರಡು ಸಲ ಓದಿದರು. ಒಬ್ಬರಿಗೆ ಸ್ಕೂಟರಿದೆ, ಒಬ್ಬರಿಗೆ ಮನೆ ಎದುರೇ ಬಸ್ಸು. ಒಬ್ಬರು ಇದನ್ನು ದೇವರ ಮುಂದೆ ಹೇಳಿಕೊಳ್ಳಬೇಕೇ, ಕಾಗದದಲ್ಲಿ ಮಾತ್ರವೇ ಎಂದು ಕೇಳಿ ತಿಳಿದುಕೊಂಡು, ಆಮೇಲೆ ಬೇಡವೆಂದರಂತೆ. ಸುಳ್ಳು ಸಹಿ ಹಾಕಲು ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಸುಳ್ಳು ಹರಕೆ ಹೇಳಿಕೊಳ್ಳುವ ಮನುಷ್ಯ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹೋಟೆಲಿನವರು ಕಾಗದ ಹಿಡಿದು ಬಹಳ ಹೊತ್ತು ಕೂತಿದ್ದರೆಂದು ಅಕ್ಕ ಹೇಳಿದರು. ಅವರಿಗೆ ಮಂಡಿನೋವು, ಕಾರಿಲ್ಲದೆ ಎಲ್ಲಿಗೂ ಹೋಗುವವರಲ್ಲ. ಕೊನೆಗೆ, ಕಟಪಾಡಿಯಲ್ಲೋ ಎಲ್ಲೋ ತಂಗಿಯ ಮನೆಯಿದೆ, ವಾರಕ್ಕೊಮ್ಮೆ ಉಡುಪಿಯವರೆಗೆ ರೈಲಿನಲ್ಲಿ ಹೋಗಿ ನೋಡಿಕೊಂಡು ಬಂದರೂ ಆಯಿತು ಎಂದು ಸಹಿ ಹಾಕಿದರು. ಬೊಂಬಾಯಿಯಲ್ಲಿ ಲೋಕಲಿನಲ್ಲಿ ನೇತಾಡಿಕೊಂಡು ಹೋದವನಿಗೆ ಇದೇನು ಎಂದರಂತೆ. ಇದರ ಹಿಂದೆ ಏನಾದರೂ ನಾಚಿಕೆ ಇತ್ತೇ ಎಂದು ನಾನು ಊಹಿಸುವುದಿಲ್ಲ. ಅವರಿಗೆ ತಂಗಿ ಇರುವುದು ಮಾತ್ರ ನಿಜ.

ಎಲ್ಲ ಮುಗಿಸಿ ಅಕ್ಕ ಕಾಗದವನ್ನು ನಮ್ಮ ಜಗಲಿಗೆ ತಂದರು. ಮೊದಲ ಅರ್ಜಿಯ ಸಹಿಗಳಿಗೆ ಎಷ್ಟೋ ಹಾಳೆ ಬೇಕಾಗಿತ್ತು. ಇದಕ್ಕೆ ಒಂದು ಹಾಳೆಯ ಅರ್ಧ ಸಾಕಾಗಿತ್ತು. ಹೆಚ್ಚಿನವರು ಮೀನಿನ ಹೆಂಗಸರು, ಕಾಲೇಜಿಗೆ ಹೋಗುವ ಒಂದಿಬ್ಬರು ಹುಡುಗಿಯರು. ನಾನು ಅಂಚೆಗೆ ಬೇಕಾದ ಲಕೋಟೆ ಹುಡುಕಲು ಒಳಗೆ ಹೊರಟೆ.

"ನೀವ್ ಹತ್ತ್‌ತ್ರ್ಯಾ ಮಾಷ್ಟ್ರೆ?"

ನನಗೆ ಹೋಗಲು ಎಲ್ಲಿಯೂ ಇಲ್ಲ ಎಂದೆ. ಅದು ಬಹುಮಟ್ಟಿಗೆ ನಿಜ. ನನ್ನ ಕೆಲಸ ಮನೆಯಲ್ಲಿ ಕೂತು ಮಾಡುವಂಥದ್ದು.

"ಬಾರ್ಕೂರಿಗ್ ಬನ್ನಿ. ಒಂದ್ ಬುಟ್ಟಿ ನೀವ್ ಹಿಡ್ಕಣಿ. ನಂಗೂ ಸೊಂಟ ನೋವ್."

ಇದನ್ನು ಅವರು ತಮಾಷೆಗೆ ಹೇಳಿದರೋ ಇಲ್ಲವೋ ಎಂದು ಮುಖ ನೋಡಿದೆ. ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದರು. ನಾನು ಸಹಿ ಹಾಕಿದೆ.

ಕಾಗದ ಹೋಗಿದೆ. ಈ ಸಲವೂ ಇಬ್ಬರು ಸಂಸದರಿಗೆ, 'ನಿಲುಗಡೆ ಒಬ್ಬರದ್ದು, ಭರಣಿಗಳು ಇನ್ನೊಬ್ಬರದ್ದು' ಎಂಬ ಒಂದು ಸಾಲನ್ನು ಹೋಟೆಲಿನವರಿಗೆ ತೋರಿಸದೆ ಸೇರಿಸಿದ್ದೇನೆ. ಸದ್ಯಕ್ಕೆ ಉತ್ತರ ಬಂದಿಲ್ಲ. ಅಕ್ಕ ವಾರಕ್ಕೊಮ್ಮೆ ರಿಕ್ಷಾ ಮಾಡಿಕೊಂಡು ಕುಂದಾಪುರದಲ್ಲಿ ರೈಲು ಹತ್ತುತ್ತಾರೆ, ಮಗಳು ಅದೇ ರೈಲಿನಲ್ಲಿ ಬೈಂದೂರಿನಿಂದ ಬರುತ್ತಾಳೆ, ಉಳಿದ ಮನೆಗಳಿಗೆ ಇಬ್ಬರೂ ಹೋಗುತ್ತಾರೆ. ಮುಂದಿನ ಮಳೆಗಾಲದ ಒಳಗೆ ನಿಲ್ಲದಿದ್ದರೆ ಆ ಮನೆಗಳನ್ನು ಮಗಳ ಹೆಸರಿಗೆ ಬಿಡುವುದರಲ್ಲಿ ಅರ್ಥವಿಲ್ಲ ಎಂದು ಅಕ್ಕ ಒಮ್ಮೆ ಹೇಳಿದರು. ಮತ್ತೊಮ್ಮೆ ಹೇಳಲಿಲ್ಲ. ಮೊನ್ನೆ ಹೋದಾಗ ಹದಿನಾಲ್ಕು ಭರಣಿಗಳು ಖಾಲಿ ಇದ್ದವು ಎಂದು ತಿಳಿಸಿದ್ದು ಮಗಳು. ಹದಿಮೂರು ಎಂದು ತಾಯಿ ತಿದ್ದಿದರು. ಒಂದು ಮನೆಯ ಅಜ್ಜಿ ತೊಳೆದ ಭರಣಿಯನ್ನು ಬಾಗಿಲಿಗೆ ಕಾಣುವ ಹಾಗೆ ಜಗಲಿಯ ಮೇಲೆಯೇ ಇಟ್ಟಿದ್ದಾರಂತೆ.

ಬೆಳಿಗ್ಗೆ ಪ್ಯಾಸೆಂಜರಿನ ಸದ್ದು ಹತ್ತಿರವಾದಾಗ ನಾನು ಈಗ ಅಂಗಳಕ್ಕೆ ಬರುತ್ತೇನೆ. ಬ್ರೇಕಿನ ಸದ್ದು ಬರುತ್ತದೆಯೇ ಎಂದು ಕೇಳುತ್ತೇನೆ. ಈ ಭಾಗ ನೆನಪಲ್ಲ, ಇವತ್ತೂ ಬಂದಿದ್ದೆ. ಬರಲಿಲ್ಲ. ಬಂದರೆ ಒಂದು ಬುಟ್ಟಿ ಹಿಡಿಯುವ ಹರಕೆ ನನ್ನ ತಲೆಯ ಮೇಲಿದೆ.